ಟಕ್ ಎನ್ನದ ಬಾಟಲಿ

ಸಗಟು ಹಣ್ಣಿನ ಮಂಡಿಯ ಹಿಂಬದಿಯ ಕಟ್ಟೆಯ ಮೇಲೆ ರಾಶಿ ಹಾಕಿದ್ದ ಪ್ಲಮ್ ಹಣ್ಣಿನ ಮೇಲೆ ಫಿನಾಯಿಲ್ ಸುರಿಯಲಾಯಿತು. ಹಣ್ಣು ಕೊಳೆತಿರಲಿಲ್ಲ. ಸುರಿದವನು ಗೇಟು ಕಾಯುವವನು. ಸುರಿಸಿದವರು ಮ್ಯಾನೇಜರು. ಆ ಹಣ್ಣನ್ನು ಆಯ್ದುಕೊಳ್ಳಲು ಬಕೆಟ್ಟು ಹಿಡಿದು ಬಂದಿದ್ದ ಹೆಂಗಸರು ತಂತಿಬೇಲಿಯ ಆಚೆ ನಿಂತು ಅದನ್ನು ನೋಡಿದರು.

ಗೇಟು ಕಾಯುವವನಿಗೆ ಚಿಲಕ ಎಂದು ಹೆಸರಿಟ್ಟವರು ಯಾರೋ, ಅದು ಅವನಿಗೆ ಅಂಟಿಕೊಂಡುಬಿಟ್ಟಿತ್ತು. ಗೇಟಿಗೆ ಹಾಕುವಂತೆ ಬಾಯಿಗೂ ಹಾಕಿಕೊಂಡಿದ್ದಾನೆ ಎಂಬುದು ಹಿಂದಿನ ಓಣಿಯವರ ವಿವರಣೆ. ತೆಗೆ ಎಂದರೆ ತೆಗೆಯುತ್ತಿದ್ದ, ಹಾಕು ಎಂದರೆ ಹಾಕುತ್ತಿದ್ದ. ಮಂಡಿಯ ನೆಲ ತೊಳೆಯುವವನು ಕೆಲಸ ಬಿಟ್ಟುಹೋದ ಮೇಲೆ ಆ ಕೆಲಸವನ್ನೂ ಇವನ ತಲೆಗೆ ಕಟ್ಟಿದರು. ಯಾಕೆ ಎಂದು ಕೇಳಲಿಲ್ಲ, ತೊಳೆದ. ತಲೆಗೂದಲು ಅರ್ಧ ಬೆಳ್ಳಗಾಗುವವರೆಗೂ ಹೀಗೇ ನಡೆದುಬಂದಿತ್ತು. ಅವತ್ತೂ ಮ್ಯಾನೇಜರು ಸುರಿ ಎಂದರು, ಸುರಿದ. ಕೆಂಪು ಹಣ್ಣಿನ ಮೇಲೆ ಬಿಳಿ ನೀರು ಹರಿದು ಕೆಳಗೆ ಗುಲಾಬಿ ಬಣ್ಣದ ಮಡುವಾಗಿ ನಿಂತಿತು.

ಬೇಲಿಯಾಚೆಯಿಂದ ಮೊದಲು ಮಾತಾಡಿದವಳು ದರ್ಜಿ ಹೆಂಗಸು. ಅವಳ ನಾಲಿಗೆಯೂ ಸೂಜಿಯೇ.

"ಏನಪ್ಪಾ ಚಿಲಕ, ಹಣ್ಣಿಗೆ ಸ್ನಾನ ಆಯ್ತಾ? ಇನ್ನು ತಲೆ ಬಾಚಿ ಸ್ಕೂಲಿಗೆ ಕಳಿಸ್ಬಿಡು."

ಚಿಲಕ ತಲೆ ಎತ್ತಲಿಲ್ಲ.

"ಬಿಡೇ, ಅವನ ತಪ್ಪೇನು" ಎಂದಳು ಇನ್ನೊಬ್ಬಳು. "ಹೇಳಿದ್ರೆ ಅವನು ತನ್ನ ಊಟಕ್ಕೂ ಹಾಕ್ಕೋತಾನೆ."

ಹೆಂಗಸರು ನಕ್ಕರು. ಆ ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ. ಖಾಲಿ ಬಕೆಟ್ಟುಗಳನ್ನು ತಲೆಕೆಳಗು ಮಾಡಿ ಹಿಡಿದುಕೊಂಡು ಓಣಿಯ ಕಡೆ ಹೊರಟರು. ಅವರ ನಡುವೆ ಒಬ್ಬಳು ಮಾತ್ರ ನಗಲಿಲ್ಲ, ಮಾತೂ ಆಡಲಿಲ್ಲ. ಚಿಲಕನನ್ನು ಒಮ್ಮೆ ನೋಡಿ, ಕಟ್ಟೆಯನ್ನು ಒಮ್ಮೆ ನೋಡಿ, ಬಕೆಟ್ಟಿನ ಹಿಡಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡು ನಡೆದುಬಿಟ್ಟಳು. ಅವಳು ಚಿಲಕನ ಅತ್ತಿಗೆ. ಗೇಟಿನ ಪಕ್ಕದ ಕೋಣೆಯಲ್ಲಿ ಮಲಗುತ್ತಿದ್ದರೂ ಅವನ ಊಟ ಬರುತ್ತಿದ್ದದ್ದು ಅವಳ ಒಲೆಯಿಂದಲೇ.

ಅತ್ತಿಗೆಯನ್ನು ಓಣಿಯವರು ಕರೆಯುತ್ತಿದ್ದದ್ದು ಸೌಟಕ್ಕ ಎಂದು. ಅಣ್ಣ ಅವಳನ್ನು ಮದುವೆಯಾಗಿ ಕರೆತಂದಾಗ ಚಿಲಕ ಮೂಗು ಸುರಿಸಿಕೊಂಡು ಓಡಾಡುವ ಹುಡುಗ. ಲಾರಿಯಲ್ಲಿ ಕ್ಲೀನರ್ ಆಗಿದ್ದ ಅಣ್ಣ ಒಂದು ದಿನ ಲಾರಿಯ ಜೊತೆಗೇ ಹಳ್ಳಕ್ಕೆ ಬಿದ್ದು ಹೋದ. ಅತ್ತಿಗೆ ತವರಿಗೆ ಹೋಗಬಹುದಿತ್ತು. ಹೋಗಲಿಲ್ಲ. ಮೂಲೆಯ ಲಾಂಡ್ರಿಯಲ್ಲಿ ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನು ಕುದಿಸುವ ಕೆಲಸಕ್ಕೆ ಸೇರಿ ಮೈದುನನನ್ನು ದೊಡ್ಡವನನ್ನಾಗಿ ಮಾಡಿದಳು. ಆಮೇಲೆ ಲಾಂಡ್ರಿ ಮುಚ್ಚಿತು. ಯಜಮಾನ ಬೀಗದಕೈಯನ್ನು ಅವಳ ಹತ್ತಿರ ಬಿಟ್ಟು ಯಾವುದೋ ಊರಿಗೆ ಹೋದವನು ಮರಳಿ ಕೇಳಲೇ ಇಲ್ಲ. ಹಿಂದುಗಡೆ ಒಂದು ಕೋಣೆ, ಮುಂದುಗಡೆ ಉದ್ದನೆಯ ಹಜಾರ, ಹಜಾರದ ನಡುವೆ ಗಾರೆ ಒಲೆ, ಒಲೆಯ ಮೇಲೆ ನಾಲ್ಕು ಜನ ಸೇರಿ ಎತ್ತಬೇಕಾದ ತಾಮ್ರದ ಕೊಪ್ಪರಿಗೆ. ಊರಿನ ಕಾಯಿಲೆಯವರ ಬೆವರನ್ನೆಲ್ಲ ಕುದಿಸಿ ತೆಗೆದ ಕೊಪ್ಪರಿಗೆಯದು. ಅದರಲ್ಲಿ ಈಗ ಪ್ರತಿ ಬೇಸಿಗೆಯ ಕೊನೆಗೆ ಜಾಮಿನ ಬಾಟಲಿಗಳು ಕುದಿಯುತ್ತಿದ್ದವು.

ಜಾಮು ಎಂದರೆ ಅಂಗಡಿಯಲ್ಲಿ ಸಿಗುವ ಕೆಂಪು ಅಂಟು ಎಂದು ತಿಳಿದವರು ಸೌಟಕ್ಕನ ಹಜಾರಕ್ಕೆ ಬಂದು ನೋಡಬೇಕಿತ್ತು. ಲಾರಿಯಿಂದ ಇಳಿಸುವಾಗ ಪೆಟ್ಟು ತಿಂದ ಹಣ್ಣು, ಪೆಟ್ಟಿಗೆಯ ಮೂಲೆಗೆ ಒತ್ತಿಕೊಂಡು ಸೊಟ್ಟಗಾದ ಹಣ್ಣು, ಒಂದು ಕಡೆ ಬಿಸಿಲು ಬಡಿದ ಹಣ್ಣು, ಇವನ್ನೆಲ್ಲ ಮಂಡಿಯವರು ಕಟ್ಟೆಗೆ ಎಸೆಯುತ್ತಿದ್ದರು. ಓಣಿಯ ಹೆಂಗಸರು ಆಯ್ದು ತರುತ್ತಿದ್ದರು. ಸಕ್ಕರೆ ಮನೆಮನೆಯಿಂದ ಬರುತ್ತಿತ್ತು, ಇದ್ದವರದು ಡಬ್ಬಿಯಲ್ಲಿ, ಇಲ್ಲದವರದು ಲೋಟದಲ್ಲಿ. ಬಾಟಲಿಗಳೂ ಮನೆಮನೆಯವೇ. ಕಾಫಿಪುಡಿಯದು, ಉಪ್ಪಿನಕಾಯಿಯದು, ಔಷಧಿ ಅಂಗಡಿಯದು, ಒಂದರಂತೆ ಇನ್ನೊಂದಿಲ್ಲ. ತಿಕ್ಕಿ ತೊಳೆದು ಬಿಸಿಲಿಗಿಟ್ಟಾಗ ಮದುವೆಗೆ ಬಂದ ನೆಂಟರ ಹಾಗೆ ಎತ್ತರ, ಗಿಡ್ಡ, ಡೊಳ್ಳು ಎಲ್ಲ ಸಾಲಾಗಿ ಕೂತಿರುತ್ತಿದ್ದವು.

ಅತ್ತಿಗೆ ಪೆಟ್ಟಾದ ಹಣ್ಣನ್ನು ಕೈಗೆತ್ತಿಕೊಳ್ಳುವ ರೀತಿಯನ್ನು ಚಿಲಕ ಎಷ್ಟು ಸಲ ನೋಡಿದ್ದನೋ, ಅಷ್ಟು ಸಲವೂ ಅವನಿಗೆ ತಾನು ಚಿಕ್ಕಂದಿನಲ್ಲಿ ಬಿದ್ದು ಮೊಣಕಾಲು ತರಚಿಕೊಂಡದ್ದು ನೆನಪಾಗುತ್ತಿತ್ತು. ಹೆಬ್ಬೆರಳಿನಿಂದ ಒಂದು ಸುತ್ತು ಸವರಿ, ಕಪ್ಪಾದ ಜಾಗವನ್ನಷ್ಟೇ ಚಾಕುವಿನ ತುದಿಯಿಂದ ತೆಗೆದು, ಬೀಜ ಬಿಡಿಸಿ, ಉಳಿದದ್ದನ್ನು ಪಾತ್ರೆಗೆ ಹಾಕುತ್ತಿದ್ದಳು. ಒಂದು ಚೂರೂ ದಂಡವಿಲ್ಲ. ಮಂಡಿಯಲ್ಲೇ ಆಯ್ದು ತಂದ ಸೇಬಿನ ತಿರುಳಿನ ಗಟ್ಟಿ ಭಾಗ, ಸಿಪ್ಪೆ, ಬೀಜಗಳನ್ನು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ ಹಣ್ಣಿನ ಜೊತೆಗೇ ಬೇಯಲು ಬಿಡುತ್ತಿದ್ದಳು. ಜಾಮು ಗಟ್ಟಿಯಾಗುವುದು ಆ ಗಂಟಿನಿಂದ. "ಜನ ತಿಂದು ಉಗುಳೋದೇ ಇದನ್ನ ಗಟ್ಟಿಯಾಗಿ ನಿಲ್ಲಿಸೋದು" ಎನ್ನುತ್ತ ಗಂಟನ್ನು ಸೌಟಿನಿಂದ ಒತ್ತುತ್ತಿದ್ದಳು. ಸಕ್ಕರೆ ಬಿದ್ದ ಮೇಲೆ ಕೊತಕೊತ ಕುದಿ. ನೊರೆ ಬಂದರೆ ತೆಗೆದು ಬಟ್ಟಲಿಗೆ. ಆ ನೊರೆಗಾಗಿ ಓಣಿಯ ಮಕ್ಕಳೆಲ್ಲ ಬಾಗಿಲಲ್ಲಿ ಬೆರಳು ಸಿದ್ಧ ಮಾಡಿಕೊಂಡು ನಿಂತಿರುತ್ತಿದ್ದರು. ಹದ ನೋಡಲು ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ಬೆರಳಿನಿಂದ ತಳ್ಳುತ್ತಿದ್ದಳು. ಹನಿ ಹಣೆಯ ಹಾಗೆ ಸುಕ್ಕುಗಟ್ಟಿದರೆ ಸರಿ. ಜಾರಿದರೆ ಇನ್ನೂ ಕುದಿಯಬೇಕು. ಮಾತಾಡುತ್ತಿದ್ದವರು ಆ ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು.

ಆದರೆ ಚಿಲಕನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಕೊನೆಯದು. ಬಿಸಿ ಬಾಟಲಿಗೆ ಬಿಸಿ ಜಾಮು, ಬಾಯಿಯ ಅಂಚು ಒರೆಸಿ, ಮುಚ್ಚಳ ತಿರುಗಿಸಿ, ತಳದಲ್ಲಿ ಬಟ್ಟೆ ಹಾಸಿದ ಕೊಪ್ಪರಿಗೆಯ ಕುದಿನೀರಿನಲ್ಲಿ ಮುಳುಗಿಸಿಟ್ಟು, ಹೊರಗೆ ತೆಗೆದು, ನೆಲದ ಮೇಲೆ ಮಡಿಸಿದ ಹಳೆಯ ಹಾಸಿಗೆ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಆಮೇಲೆ ಯಾರೂ ಮಾತಾಡುವಂತಿರಲಿಲ್ಲ. ಅದು ಆ ಹಜಾರದ ಕಟ್ಟಳೆ. ಹೆಂಗಸರು, ಮಕ್ಕಳು, ಭಾರ ಹೊತ್ತು ಬೆನ್ನು ಬಾಗಿಹೋದ ಮೂಟೆ ಮಾವ, ಎಲ್ಲರೂ ಗೋಡೆಗೆ ಒರಗಿ ಕೂತು ಕಿವಿಗೊಡುತ್ತಿದ್ದರು. ಬಾಟಲಿ ತಣ್ಣಗಾಗುತ್ತ ಒಳಗಿನ ಗಾಳಿ ಕುಗ್ಗಿ ಮುಚ್ಚಳವನ್ನು ಕೆಳಗೆ ಎಳೆದುಕೊಳ್ಳುತ್ತದೆ. ಟಕ್. ಒಂದು. ಸ್ವಲ್ಪ ಬಿಟ್ಟು ಇನ್ನೊಂದು, ಟಕ್. ಆಮೇಲೆ ಅಲ್ಲೊಂದು ಇಲ್ಲೊಂದು, ಆಮೇಲೆ ಜೊತೆಜೊತೆಗೆ. ಟಕ್ ಎಂದ ಬಾಟಲಿ ಮುಂದಿನ ಬೇಸಿಗೆಯವರೆಗೂ ಕೆಡುವುದಿಲ್ಲ. ಟಕ್ ಎನ್ನದೆ ಉಳಿದದ್ದು ಮೂಕ ಬಾಟಲಿ. ಅದನ್ನು ಬೇಗ ತಿಂದು ಮುಗಿಸಬೇಕು. ಬ್ರೆಡ್ಡು ತರಿಸಿ ಎಲ್ಲರೂ ಅಲ್ಲೇ ಹಂಚಿಕೊಳ್ಳುತ್ತಿದ್ದರು. ಹಾಗಾಗಿ ಮೂಕ ಬಾಟಲಿ ಇರಲಿ ಎಂದು ಮಕ್ಕಳ ಆಸೆ, ಇರದಿರಲಿ ಎಂದು ತಾಯಂದಿರ ಆಸೆ.

ಬೆಳಗಿನ ಪಾಳಿಗೆ ಹೋಗುವವರ ಬ್ರೆಡ್ಡಿಗೆ, ಸ್ಕೂಲಿಗೆ ಹೋಗುವವರ ಡಬ್ಬಿಗೆ, ಜ್ವರ ಬಂದವರ ಬಾಯಿ ಸಿಹಿಗೆ, ಓಣಿಗೆ ವರ್ಷವಿಡೀ ಇದ್ದದ್ದು ಆ ಜಾಮೇ. ಈ ವರ್ಷ ಕೊಪ್ಪರಿಗೆ ಬೋರಲು ಬಿದ್ದಿತ್ತು.

ಆ ಸಂಜೆ ಚಿಲಕ ಊಟಕ್ಕೆ ಹೋದಾಗ ಅತ್ತಿಗೆ ತಟ್ಟೆ ಇಟ್ಟಳು, ನೀರು ಇಟ್ಟಳು.

"ಕೈ ತೊಳ್ಕೊಂಡು ಬಾ."

"ತೊಳ್ಕೊಂಡೆ ಅತ್ತಿಗೆ."

"ಇನ್ನೊಂದು ಸಲ ತೊಳ್ಕೊ."

ತೊಳೆದು ಬಂದು ಕೂತ. ಅನ್ನ ಬಾಯಿಗೆ ಹೋಗಲಿಲ್ಲ.

"ಹೇಳಿದ್ದನ್ನ ಮಾಡಿದೆ" ಎಂದ.

"ಗೊತ್ತು."

"ಎಸೆದಿದ್ದನ್ನ ಜನ ಆಯ್ಕೊಂಡು ಹೋದ್ರೆ ಕೊಂಡ್ಕೊಳ್ಳೋರು ಯಾರು ಅಂತ ಮೇಲಿನವರು ಕೇಳಿದ್ರಂತೆ. ಮ್ಯಾನೇಜರೂ ಏನ್ಮಾಡ್ತಾರೆ."

"ಅವರೇನ್ಮಾಡ್ತಾರೆ ಪಾಪ. ನೀನೇನ್ಮಾಡ್ತೀಯಾ. ಆ ಫಿನಾಯಿಲ್ ತಾನೇ ಏನ್ಮಾಡುತ್ತೆ" ಎಂದಳು ಅತ್ತಿಗೆ, ದನಿ ಏರಿಸದೆ. "ಊಟ ಮಾಡು, ಆರಿಹೋಗುತ್ತೆ."

ಅವಳು ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಬೈಯಲಿಲ್ಲ. ಬೈಯದೆಯೇ ಅವನನ್ನು ಬೆಳೆಸಿದ್ದಳು. ಆ ಅಭ್ಯಾಸ ಈಗ ಬಿಡುವುದಾದರೂ ಹೇಗೆ?

ರಾತ್ರಿಯೆಲ್ಲ ಯೋಚಿಸಿ ಚಿಲಕ ಒಂದು ಉಪಾಯ ಮಾಡಿದ. ಸುರಿ ಎಂದದ್ದು ಕಟ್ಟೆಗೆ ಬಂದ ಹಣ್ಣಿನ ಮೇಲೆ. ಕಟ್ಟೆಗೆ ಬರುವುದಕ್ಕೆ ಮುಂಚೆಯೇ ಒಂದಿಷ್ಟನ್ನು ಬದಿಗೆ ಸರಿಸಿದರೆ ಹೇಳಿದ ಮಾತೂ ಮೀರಿದಂತಾಗುವುದಿಲ್ಲ, ಅತ್ತಿಗೆಯ ಒಲೆಯೂ ಹೊತ್ತುತ್ತದೆ. ಆಜ್ಞೆಗೂ ನೋವಾಗದಂತೆ, ಹಸಿವಿಗೂ ನೋವಾಗದಂತೆ ನಡುವೆ ಒಂದು ಸಂದಿ ಹುಡುಕಿಕೊಂಡು ಬದುಕುವ ಮನುಷ್ಯರು ಪ್ರಪಂಚದ ತುಂಬ ಇದ್ದಾರೆ. ಯಜಮಾನರ ನಿದ್ದೆಯನ್ನು ಕಾಯುತ್ತಿರುವವರೂ ಅವರೇ.

ಮುಂದಿನ ಲಾರಿ ಬಂದಾಗ ಹಾಗೆಯೇ ಮಾಡಿದ. ಹಣ್ಣು ತುಂಬಲು ದೊಡ್ಡದೊಂದು ಪಾತ್ರೆ ಬೇಕಿತ್ತು. ನೆಲ ತೊಳೆಯಲು ನೀರು ಕಲಸುವ ನೀಲಿ ಡ್ರಮ್ಮು ಇತ್ತು. ಅದನ್ನು ಸೋಪು ಹಾಕಿ ತಿಕ್ಕಿದ, ಬಿಸಿನೀರು ಹಾಕಿ ತಿಕ್ಕಿದ, ಬೂದಿ ಹಾಕಿ ತಿಕ್ಕಿದ, ಬಿಸಿಲಿಗೆ ಬೋರಲು ಹಾಕಿದ. ತಲೆಯನ್ನು ಒಳಗೆ ತೂರಿಸಿ ಮೂಸಿದ. ಏನೂ ವಾಸನೆಯಿಲ್ಲ. ಸಮಾಧಾನವಾಗಿ ಅಂಚಿನವರೆಗೂ ಹಣ್ಣು ತುಂಬಿ, ಮೇಲೆ ಗೋಣಿಚೀಲ ಹೊದಿಸಿ, ಮೂಟೆ ಮಾವನ ತಳ್ಳುಗಾಡಿಯಲ್ಲಿ ಹಾಡುಹಗಲೇ ಓಣಿಗೆ ಸಾಗಿಸಿದ. ಉಳಿದದ್ದು ಕಟ್ಟೆಗೆ ಬಂತು. ಅದರ ಮೇಲೆ ಫಿನಾಯಿಲ್ ಸುರಿದ.

ಹಣ್ಣು ಬಂದ ಸುದ್ದಿ ಓಣಿಯಲ್ಲಿ ಹಬ್ಬಲು ಎಷ್ಟು ಹೊತ್ತು? ಡಬ್ಬಿಯೂ ಲೋಟವೂ ಹಿಡಿದುಕೊಂಡು ಹೆಂಗಸರು ಬಂದರು. ದರ್ಜಿ ಹೆಂಗಸು ಹೊಲಿಗೆ ಯಂತ್ರವನ್ನು ಹಾಗೆಯೇ ಬಿಟ್ಟು, ಕೊರಳಲ್ಲಿ ಅಳತೆ ಟೇಪು ನೇತಾಡಿಸಿಕೊಂಡೇ ಬಂದಳು.

"ಏನೋ ಅಂದ್ಕೊಂಡಿದ್ದೆ ಕಣಪ್ಪಾ, ನಿನಗೂ ಒಳಗೆ ಏನೋ ಇದೆ" ಎಂದಳು. ಅವಳ ಬಾಯಲ್ಲಿ ಅದು ಸನ್ಮಾನವೇ.

ಚಿಲಕನ ಕಿವಿ ಕೆಂಪಾಯಿತು. ಒಲೆಗೆ ಸೌದೆ ಹಾಕುವ ನೆಪದಲ್ಲಿ ಬಗ್ಗಿದ.

ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹಣ್ಣು ತೊಳೆಯುವಾಗ ಒಮ್ಮೆ ಮೂಗು ಎಳೆದುಕೊಂಡಳು, ಚಿಲಕನ ಕಡೆ ನೋಡಿದಳು, ಮತ್ತೆ ತೊಳೆದಳು. ಮೈದುನನ ಅಂಗಿಯಿಂದ ಯಾವಾಗಲೂ ಬರುವ ವಾಸನೆಯದು ಎಂದುಕೊಂಡಿರಬೇಕು. ಹಣ್ಣು ಬೆಂದು ಸಿಪ್ಪೆ ಮೆತ್ತಗಾಯಿತು. ಸಕ್ಕರೆ ಬಿತ್ತು. ಕೆಂಪು ಗಾಢವಾಗಿ, ಗುಳ್ಳೆಗಳು ದೊಡ್ಡದಾಗಿ, ಹಜಾರದ ತುಂಬ ಹಬೆ ಎದ್ದಿತು. ಕೈ ನೋಯುವವರೆಗೂ ಕಲಕಿ ಒಬ್ಬೊಬ್ಬರಾಗಿ ಬದಲಾದರು. ಅತ್ತಿಗೆ ಮಾತ್ರ ಬದಲಾಗಲಿಲ್ಲ. ತಳ ಹಿಡಿಯುತ್ತಿದೆಯೇ ಎಂಬುದನ್ನು ಅವಳು ಕಣ್ಣಿನಿಂದಲ್ಲ, ಸೌಟಿನ ಹಿಡಿಯಲ್ಲಿ ಬರುವ ನಡುಕದಿಂದ ತಿಳಿಯುತ್ತಿದ್ದಳು. ನೊರೆಯ ಮೊದಲ ಸೌಟನ್ನು ತೆಗೆದಳು. ಮಕ್ಕಳು ಬಾಗಿಲಲ್ಲಿ ತಳ್ಳಾಡತೊಡಗಿದರು.

"ನಿಲ್ರೋ" ಎಂದಳು.

ನೊರೆಯನ್ನು ನಾಲಿಗೆಯ ತುದಿಗೆ ತಾಗಿಸಿಕೊಂಡಳು. ಕಣ್ಣು ಮುಚ್ಚಿದಳು. ಇನ್ನೊಂದು ಸಲ ತಾಗಿಸಿಕೊಂಡಳು. ಹಬೆಯ ಮೇಲೆ ಬಗ್ಗಿ ಉಸಿರೆಳೆದಳು.

"ಉರಿ ತೆಗೀರಿ."

"ಯಾಕಕ್ಕಾ, ಇನ್ನೂ ಹದ ಬಂದಿಲ್ಲ" ಎಂದಳು ದರ್ಜಿ ಹೆಂಗಸು.

"ತೆಗೀರಿ ಅಂದೆ."

ಸೌದೆಗಳನ್ನು ಹೊರಗೆಳೆದರು. ಕುದಿ ಇಳಿಯಿತು. ದರ್ಜಿ ಹೆಂಗಸು ಬಗ್ಗಿ ಮೂಸಿದಳು, ಅವಳ ಮುಖ ಕಿವುಚಿಕೊಂಡಿತು. ಒಬ್ಬೊಬ್ಬರೇ ಮೂಸಿದರು. ಬಿಸಿಗೆ ಎದ್ದುಬಂದಿದ್ದ ಫಿನಾಯಿಲ್ ಹಜಾರದಲ್ಲಿ ಈಗ ಎಲ್ಲರ ಮೂಗಿಗೂ ಬಡಿಯುತ್ತಿತ್ತು. ಎಲ್ಲರ ಮೂಗಿಗೂ ಎಂದರೆ, ಒಬ್ಬನದನ್ನು ಬಿಟ್ಟು.

"ಎಲ್ಲಿ? ನನಗೇನೂ ಬರ್ತಿಲ್ಲ" ಎಂದ ಚಿಲಕ. ಪಾತ್ರೆಯ ಮೇಲೆ ಬಗ್ಗಿದ, ಇನ್ನೂ ಬಗ್ಗಿದ, ಹಬೆ ಮುಖ ಸುಡುವವರೆಗೂ ಬಗ್ಗಿದ. "ಪ್ಲಮ್ ವಾಸನೆ ಬರ್ತಿದೆ. ಪ್ಲಮ್ ಅಷ್ಟೇ ಅತ್ತಿಗೆ."

"ಯಾವುದರಲ್ಲಿ ತುಂಬಿಕೊಂಡು ಬಂದೆ?"

ಹೇಳಿದ. ನೆಲಕ್ಕೆ ಫಿನಾಯಿಲ್ ಕಲಸುವ ನೀಲಿ ಡ್ರಮ್ಮಿನಲ್ಲಿ. ತಿಕ್ಕಿದ್ದನ್ನೂ ಹೇಳಿದ, ಸೋಪು, ಬಿಸಿನೀರು, ಬೂದಿ, ಬಿಸಿಲು, ಒಂದೂ ಬಿಡದೆ. ಹೇಳುತ್ತ ಹೇಳುತ್ತ ಅವನ ದನಿ ಒಳಗೆ ಹೋಯಿತು.

ಹೆಂಗಸರಲ್ಲಿ ಒಬ್ಬಳು ಬಾಯಿ ತೆರೆದಳು. ಅತ್ತಿಗೆ ಕೈ ಎತ್ತಿ ತಡೆದಳು. ಮೈದುನನ ಹತ್ತಿರ ಬಂದು ಅವನ ಎರಡು ಕೈಗಳನ್ನೂ ತೆಗೆದುಕೊಂಡು ಅಂಗೈ ಮೇಲೆ ಮಾಡಿ ನೋಡಿದಳು. ಪೆಟ್ಟಾದ ಹಣ್ಣನ್ನು ನೋಡುವ ಹಾಗೆಯೇ ನೋಡಿದಳು, ಹೆಬ್ಬೆರಳಿನಿಂದ ಸವರಿ. ಬೆರಳುಗಳ ಸಂದಿಯಲ್ಲಿ ಚರ್ಮ ಬಿಳಿಚಿ ಸಿಪ್ಪೆ ಎದ್ದಿತ್ತು.

"ಲಾಂಡ್ರಿಯಲ್ಲಿ ಬ್ಲೀಚಿಂಗ್ ತೊಟ್ಟಿ ಹತ್ರ ನಿಲ್ಲೋರಿಗೆ ಹೀಗೇ ಆಗ್ತಿತ್ತು" ಎಂದಳು. "ಮೊದಲು ವಾಸನೆ ಕೆಟ್ಟದು ಅನ್ಸುತ್ತೆ. ಆಮೇಲೆ ಅಭ್ಯಾಸ ಆಗುತ್ತೆ. ಆಮೇಲೆ ಅಂಥದ್ದೊಂದು ವಾಸನೆ ಇದೆ ಅನ್ನೋದೇ ಗೊತ್ತಾಗಲ್ಲ. ನಿನ್ನ ಮೂಗು ಹೋಗಿದೆ ಕಣೋ. ನೀನು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ."

ಅಷ್ಟು ಜಾಮು. ಓಣಿಯ ಅಷ್ಟು ಮನೆಗಳ ಸಕ್ಕರೆ. ಅತ್ತಿಗೆ ಒಂದು ಗಳಿಗೆಯೂ ಹಿಂದೆ ಮುಂದೆ ನೋಡಲಿಲ್ಲ. ನೀರು ಹಾಕಿ ಇನ್ನೊಮ್ಮೆ ಕುದಿಸೋಣ ಎಂದ ಮೂಟೆ ಮಾವನಿಗೆ, ನಿಂಬೆರಸ ಹಿಂಡಿದರೆ ಗೊತ್ತಾಗದು ಎಂದ ಇನ್ನೊಬ್ಬಳಿಗೆ ಅವಳದು ಒಂದೇ ಮಾತು:

"ಇದು ಮಕ್ಕಳ ಬಾಯಿಗೆ ಹೋಗೋದು."

ಚಿಲಕನೇ ಪಾತ್ರೆಯ ಒಂದು ಕಿವಿ ಹಿಡಿದ, ಅತ್ತಿಗೆ ಇನ್ನೊಂದು. ಅಂಗಳದ ಮೋರಿಗೆ ಬಗ್ಗಿಸಿದರು. ಹೊಳೆಯುವ ಕೆಂಪು ಜಾಮು, ಹದಕ್ಕೆ ಇನ್ನೇನು ಬಂದೇಬಿಟ್ಟಿತ್ತು ಎನ್ನುವಂಥದ್ದು, ಕಲ್ಲಿನ ಮೇಲೆ ನಿಧಾನವಾಗಿ ಜಾರಿಹೋಯಿತು. ಮಕ್ಕಳು ನೋಡುತ್ತ ನಿಂತರು, ಒಬ್ಬನ ಬೆರಳು ಇನ್ನೂ ಮುಂದಕ್ಕೆ ಚಾಚಿಕೊಂಡೇ ಇತ್ತು. ಚಿಲಕ ಈ ಬೇಸಿಗೆಯಲ್ಲಿ ಎರಡು ರಾಶಿ ಹಣ್ಣಿನ ಮೇಲೆ ಫಿನಾಯಿಲ್ ಸುರಿದಿದ್ದ. ಸುರಿಯುವುದು ಎಂದರೆ ಏನು ಎಂಬುದು ಅವನಿಗೆ ತಿಳಿದದ್ದು ಈಗ.

ಪಾತ್ರೆ ತಿಕ್ಕಲು ಹಿತ್ತಲಿಗೆ ಹೋದವನಿಗೆ ಒಳಗಿನ ಮಾತು ಕೇಳಿಸುತ್ತಿತ್ತು.

"ನಿಮ್ಮ ಮೈದುನ ಮೂಕ ಬಾಟಲಿ ಕಣಕ್ಕಾ" ಎನ್ನುತ್ತಿದ್ದಳು ದರ್ಜಿ ಹೆಂಗಸು. "ಎಷ್ಟು ಹೊತ್ತು ಕಾದ್ರೂ ಅಷ್ಟೇ."

"ಹೋದ ವರ್ಷ ನಿನ್ನದೇ ಉಪ್ಪಿನಕಾಯಿ ಬಾಟಲಿ, ಮೂಕ ಅಂತ ಬೇರೆ ಎತ್ತಿಟ್ಟಿದ್ವಿ. ಮಾರನೇ ದಿನ ಯಾರೂ ಕಾಯದೆ ಇರೋವಾಗ ಟಕ್ ಅಂತಲ್ಲ, ಮರೆತ್ಯಾ?"

"ಅದು ಬಾಟಲಿ. ಇದು ನಿಮ್ಮ ಮೈದುನ."

"ಕೆಲವು ತಣ್ಣಗಾಗೋಕೆ ಹೊತ್ತು ತಗೋತವೆ" ಎಂದಳು ಅತ್ತಿಗೆ. "ನೀನು ಸಕ್ಕರೆ ಎಲ್ಲಾದ್ರೂ ಸಿಗುತ್ತಾ ನೋಡು."

ಪ್ಲಮ್ ಹಣ್ಣಿನ ಕಾಲ ಮುಗಿಯುತ್ತ ಬಂದಿತ್ತು. ಇನ್ನು ಬರುವುದು ಒಂದೇ ಲಾರಿ ಎಂದು ಮಂಡಿಯಲ್ಲಿ ಮಾತು. ಸಕ್ಕರೆ ಹೇಗೋ ಕೂಡಿತು. ಈ ಸಲ ಡಬ್ಬಿಗಳು ಬರಲಿಲ್ಲ, ಲೋಟಗಳೇ ಬಂದವು, ಕೆಲವು ಲೋಟಗಳಲ್ಲಿ ಅರ್ಧ. ಮೂಟೆ ಮಾವ ಚಹಾಕ್ಕೆ ಸಕ್ಕರೆ ಬಿಟ್ಟು ತಂದುಕೊಟ್ಟ. ಕೆಲವರು ಬೈದುಕೊಂಡೇ ಕೊಟ್ಟರು, ಆದರೂ ಕೊಟ್ಟರು. ತನ್ನ ತಪ್ಪಿಲ್ಲದ ನಷ್ಟಕ್ಕೆ ತಾನೇ ಹೆಗಲು ಕೊಡುವ ಜನವನ್ನು ನೋಡಬೇಕೆಂದರೆ ಇಂಥ ಓಣಿಗೇ ಬರಬೇಕು. ದೊಡ್ಡ ಮನೆಗಳಲ್ಲಿ ಅವರು ಸಿಗುವುದಿಲ್ಲ. ಅತ್ತಿಗೆ ನಾಲ್ಕು ಜನರನ್ನು ಕರೆದು ಕೊಪ್ಪರಿಗೆಯನ್ನು ನೆಟ್ಟಗೆ ಕೂರಿಸಿ ನೀರು ತುಂಬಿದಳು. ಹಣ್ಣು ಬರುತ್ತದೆಯೇ ಎಂದು ಯಾರೂ ಅವಳನ್ನು ಕೇಳಲಿಲ್ಲ. ಮೈದುನನಿಗೂ ಅವಳು ಏನೂ ಹೇಳಲಿಲ್ಲ. ಊಟಕ್ಕೆ ಕೂತಾಗ ಕೈ ತೊಳೆದುಕೋ ಎಂದೂ ಹೇಳಲಿಲ್ಲ. ಬೆರಳ ಸಂದಿಗೆ ಹಚ್ಚಿಕೊಳ್ಳಲು ತಟ್ಟೆಯ ಪಕ್ಕ ಬಟ್ಟಲಿನಲ್ಲಿ ಒಂದಿಷ್ಟು ಎಣ್ಣೆ ಇಟ್ಟಿದ್ದಳು.

ಕೊನೆಯ ಲಾರಿ ಬಂದು, ಒಳ್ಳೆಯ ಹಣ್ಣೆಲ್ಲ ಅಂಗಡಿಗಳಿಗೆ ಹೋಗಿ, ಪೆಟ್ಟಾದದ್ದು ಮಧ್ಯಾಹ್ನದ ಹೊತ್ತಿಗೆ ಕಟ್ಟೆಗೆ ಬಂತು. ಅಷ್ಟು ದೊಡ್ಡ ರಾಶಿ ಆ ವರ್ಷ ಬಿದ್ದಿರಲಿಲ್ಲ. ಕೊನೆಯ ಹಣ್ಣಾದ್ದರಿಂದ ಮಾಗಿ ಕಪ್ಪುಗೆಂಪಾಗಿ, ಸಿಪ್ಪೆಯ ಮೇಲೆ ಬೂದಿ ಬೂದಿಯಾಗಿ, ಒಡೆದ ಜಾಗದಲ್ಲಿ ಚಿನ್ನದ ಬಣ್ಣದ ತಿರುಳು. ಬೇಲಿಯಾಚೆ ಹೆಂಗಸರು ಬಂದು ನಿಂತಿದ್ದರು. ಯಾರೂ ಗೇಟು ತಳ್ಳಲಿಲ್ಲ, ಯಾರೂ ಕೂಗಲಿಲ್ಲ. ಮುಂದೆ ಅತ್ತಿಗೆ, ಪಕ್ಕದಲ್ಲಿ ದರ್ಜಿ ಹೆಂಗಸು, ಕೈಯಲ್ಲಿ ತೊಳೆದು ಒಣಗಿಸಿದ ಬಕೆಟ್ಟುಗಳು.

ಚಿಲಕ ರಾಶಿಯ ಮುಂದೆ ಫಿನಾಯಿಲ್ ಕ್ಯಾನು ಹಿಡಿದುಕೊಂಡು ನಿಂತಿದ್ದ. ಕ್ಯಾನಿನ ಮುಚ್ಚಳ ತೆಗೆದಿತ್ತು. ಮೂಗಿನ ಹತ್ತಿರ ಹಿಡಿದು ನೋಡಿದ. ಗಾಳಿ, ಬರೀ ಗಾಳಿ.

ಮ್ಯಾನೇಜರು ಆಫೀಸಿನಿಂದ ಇಳಿದುಬಂದರು. ಕೆಟ್ಟ ಮನುಷ್ಯರೇನಲ್ಲ. ಚಿಲಕನಿಗೆ ಜ್ವರ ಬಂದಾಗ ರಜೆ ಕೊಟ್ಟವರು, ಲಾರಿಯವರ ಜಗಳ ಬಿಡಿಸುವವರು, ಕೆಮ್ಮುವ ಮೊದಲು ಕರವಸ್ತ್ರ ತೆಗೆಯುವವರು. ಇಂಥವರ ಕೈಯಿಂದಲೇ ಕೆಲಸ ಮಾಡಿಸಿಕೊಳ್ಳುವುದು ಮೇಲಿನವರಿಗೂ ಸುಲಭ.

"ಇನ್ನೂ ಸುರಿದಿಲ್ವೇನಯ್ಯಾ?"

"ಇಲ್ಲ ಸಾರ್."

"ಯಾಕೆ? ಕೈಗೇನಾಗಿದೆ?"

"ಕೈ ಸರಿಯಾಗೇ ಇದೆ. ಮೂಗು ಹೋಗಿದೆ."

"ಏನು?"

"ವಾಸನೆ ಗೊತ್ತಾಗ್ತಿಲ್ಲ ಸಾರ್ ನನಗೆ. ಫಿನಾಯಿಲಿಂದು."

"ಹೌದಾ. ನಾಳೆ ಡಾಕ್ಟರ ಹತ್ರ ಹೋಗಿ ಬಾ, ರಜೆ ಹಾಕ್ಕೋ. ಈಗ ಇದನ್ನ ಮುಗಿಸು." ಮ್ಯಾನೇಜರು ಗಡಿಯಾರ ನೋಡಿಕೊಂಡರು.

ಚಿಲಕ ಅಲ್ಲಾಡಲಿಲ್ಲ. ಮ್ಯಾನೇಜರು ಬೇಲಿಯ ಕಡೆ ನೋಡಿದರು, ಹೆಂಗಸರನ್ನು ನೋಡಿದರು, ದನಿ ತಗ್ಗಿಸಿದರು.

"ನೋಡಯ್ಯಾ, ನಿಮ್ಮತ್ತಿಗೆ ಜಾಮು ನನಗೂ ಗೊತ್ತು. ಹೋದ ವರ್ಷ ನೀನು ಕೊಟ್ಟ ಬಾಟಲಿನ ನನ್ನ ಮಗಳು ಬೆರಳು ಹಾಕಿ ಹಾಕಿ ನೆಕ್ಕಿದ್ಳು. ನನಗೇನು ಖುಷಿನಾ ಇದನ್ನ ಹಾಳು ಮಾಡೋಕೆ? ಮೇಲಿನವರು ಹೇಳಿದಾರೆ, ನಾನು ಹೇಳ್ತಿದೀನಿ. ನೀನು ಮಾಡ್ತೀಯ. ಇಷ್ಟೇ ತಾನೇ ಕೆಲಸ ಅಂದ್ರೆ."

"ಇಷ್ಟೇ ಅಂದ್ಕೊಂಡಿದ್ದೆ ಸಾರ್."

"ಮತ್ತೆ?"

"ನಿಮ್ಮ ಮಗಳು ನೆಕ್ಕಿದ್ದು ಇಂಥ ಹಣ್ಣೇ. ಹೋದ ಸಲ ಒಂದಿಷ್ಟು ನಾನೇ ಕದ್ದು ತಗೊಂಡು ಹೋದೆ, ನನ್ನ ಡ್ರಮ್ಮಲ್ಲಿ. ಅದಕ್ಕೆ ಫಿನಾಯಿಲ್ ಹತ್ಕೊಂಡಿತ್ತು, ನನಗೆ ಗೊತ್ತಾಗಲೇ ಇಲ್ಲ. ಇನ್ನೇನು ಮಕ್ಕಳ ಬಾಯಿಗೆ ಹೋಗೋದು. ಅತ್ತಿಗೆ ಹಿಡಿದ್ರು." ಇಷ್ಟು ಉದ್ದದ ಮಾತು ಅವನು ಮಂಡಿಯಲ್ಲಿ ಆಡಿದ್ದು ಅದೇ ಮೊದಲು. "ಇದನ್ನ ನಾನು ಸುರಿಯಲ್ಲ ಸಾರ್."

ಕದ್ದದ್ದನ್ನು ಹೀಗೆ ತಾನಾಗಿ ಹೇಳಿಬಿಟ್ಟವನನ್ನು ಮ್ಯಾನೇಜರು ಅಡಿಯಿಂದ ಮುಡಿಯವರೆಗೂ ನೋಡಿದರು. ಮುಖ ಬಿಗಿಯಾಯಿತು.

"ನಿನಗೆ ಗೇಟಿನ ಪಕ್ಕ ಕೋಣೆ ಕೊಟ್ಟಿರೋದು ಯಾರು ಅಂತ ಗೊತ್ತಾ?"

"ಗೊತ್ತು ಸಾರ್."

"ನಾಳೆ ಬೆಳಿಗ್ಗೆ ಆ ಗೇಟಲ್ಲಿ ಬೇರೆಯವನು ನಿಂತಿರ್ತಾನೆ. ಅದೂ ಗೊತ್ತಾ?"

"ಗೊತ್ತು."

"ಅಲ್ರೀ ಅಮ್ಮಾ" ಎಂದು ಮ್ಯಾನೇಜರು ಬೇಲಿಯ ಕಡೆ ತಿರುಗಿದರು. "ನೀವಾದ್ರೂ ನಿಮ್ಮ ಮೈದುನನಿಗೆ ಬುದ್ಧಿ ಹೇಳಿ. ಬದುಕು ಹಾಳು ಮಾಡ್ಕೋತಿದಾನೆ."

ಅತ್ತಿಗೆ ಬಕೆಟ್ಟನ್ನು ಕೆಳಗಿಟ್ಟಳು.

"ನಾನು ಅವನನ್ನ ಸಾಕಿದೀನಿ ಸಾರ್" ಎಂದಳು. "ಹೇಳೋದೆಲ್ಲ ಆಗಲೇ ಹೇಳಿ ಆಗಿದೆ. ಈಗ ಅವನ ಸರದಿ."

ದರ್ಜಿ ಹೆಂಗಸು ಏನೋ ಹೇಳಲು ಬಾಯಿ ತೆರೆದವಳು, ಜೀವನದಲ್ಲಿ ಒಮ್ಮೆ ಎಂಬಂತೆ, ಮುಚ್ಚಿಕೊಂಡಳು. ಬೇಲಿಯಾಚೆ ಎಲ್ಲರೂ ಸುಮ್ಮನಾಗಿದ್ದರು. ಹಜಾರದಲ್ಲಿ ಗೋಡೆಗೆ ಒರಗಿ ಕೂತಾಗ ಸುಮ್ಮನಿರುತ್ತಾರಲ್ಲ, ಹಾಗೆ.

"ಕ್ಯಾನು ಇಲ್ಲಿ ಕೊಡು" ಎಂದು ಮ್ಯಾನೇಜರು ಕೈ ಚಾಚಿದರು. "ನಾನೇ ಹಾಕ್ತೀನಿ."

ಚಿಲಕ ಜೇಬಿನಿಂದ ಕ್ಯಾನಿನ ಮುಚ್ಚಳ ತೆಗೆದ. ಕ್ಯಾನಿನ ಬಾಯಿಯ ಅಂಚನ್ನು ಅಂಗಿಯ ತೋಳಿನಿಂದ ಒರೆಸಿದ, ಅತ್ತಿಗೆ ಒರೆಸುವ ಹಾಗೆ, ಸುತ್ತಲೂ, ಅವಸರವಿಲ್ಲದೆ. ಮುಚ್ಚಳ ಕೂರಿಸಿ ತಿರುಗಿಸಿದ, ಬೆರಳ ಸಂದಿಯ ಒಡೆದ ಚರ್ಮ ಉರಿಯುವಷ್ಟು ಬಿಗಿಯಾಗಿ ತಿರುಗಿಸಿದ. ಕ್ಯಾನನ್ನು ಕಂಕುಳಲ್ಲಿ ಇಟ್ಟುಕೊಂಡ.

"ಕೊಡಲ್ಲ."

ಬೇಲಿಯ ಗೇಟು ಅವನ ಬೆನ್ನ ಹಿಂದೆ ಅರ್ಧ ತೆರೆದಿತ್ತು, ಅವನು ಹಾಕಿರಲಿಲ್ಲ. ಯಾರ ಬಕೆಟ್ಟಿನ ಹಿಡಿಯೋ ಕಿಣಿ ಎಂದಿತು. ಮ್ಯಾನೇಜರಿಗೆ ಆಗ ಗೇಟಿನ ಕಡೆ ಗಮನ ಹೋಯಿತು.

"ಹಾಗಾದ್ರೆ ಗೇಟಾದ್ರೂ ಹಾಕು" ಎಂದರು.

"ಹಾಕಲ್ಲ ಸಾರ್" ಎಂದ ಚಿಲಕ.